ಬೇಮಳಖೇಡದ ಹೊಲದಲ್ಲಿ ಒಂದು ನಿಮಿಷ

ನನ್ನ ತವರೂರು ಬೇಮಳಖೇಡ. ಮದುವೆಯಾಗಿ ಕಲಬುರಗಿ ಸೇರಿ ಐವತ್ತು ವರ್ಷ ದಾಟಿದರೂ ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಕಾಲು ಆ ಕಡೆಗೇ ಎಳೆಯುತ್ತದೆ. ಈ ಸಲ ಆರನೇ ತರಗತಿಯ ಮೊಮ್ಮಗನೂ ಜೊತೆಗೆ ಹೊರಟ.

ಕಲಬುರಗಿಯಿಂದ ಬೀದರ್ ಕಡೆಗೆ ಈಗ ರೈಲಿದೆ. 2017ರಲ್ಲಿ ಈ ಮಾರ್ಗ ಪೂರ್ತಿಯಾಯಿತು. ಕಮಲಾಪುರ ದಾಟಿದ ಮೇಲೆ ಮರಗುತ್ತಿಯ ಸುರಂಗ ಬರುತ್ತದೆ. ರೈಲು ಕತ್ತಲೆಗೆ ನುಗ್ಗಿದ ಕೂಡಲೇ ಬೋಗಿಯ ಮಕ್ಕಳೆಲ್ಲ ಕೂಗಿದರು, ನಮ್ಮವನದೇ ದೊಡ್ಡ ದನಿ. ಹುಮನಾಬಾದಿನಲ್ಲಿ ಇಳಿದು ಚಿಟಗುಪ್ಪಾ ಮೇಲೆ ಹೋಗುವ ಬಸ್ಸು ಹತ್ತಿದೆವು. ಒಂದು ಕಡೆ ಕೆಂಪು ನೆಲ, ಇನ್ನೊಂದು ಕಡೆ ಕಪ್ಪು ನೆಲ. ಕೊಯ್ಲಿಗೆ ಬಂದ ತೊಗರಿ, ಎದೆಮಟ್ಟದ ಜೋಳ. ಬಸ್ಸಿನೊಳಗೆ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಕಲಸಿದ ಮಾತು. ನಮ್ಮ ಬೀದರ್ ಜಿಲ್ಲೆಯ ಬಸ್ಸುಗಳೇ ಹೀಗೆ.

ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲು ಇಟ್ಟು ಪೂಜೆ ಮಾಡಿದರು. ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಊಟ. ಎಲ್ಲರಿಗೂ ಬಡಿಸುವ ಮೊದಲು ನಾನು ಒಂದು ಎಲೆಗೆ ಸ್ವಲ್ಪ ಬಡಿಸಿ, ಬದುವಿನ ಬನ್ನಿ ಮರದ ಬುಡದಲ್ಲಿ ಇಟ್ಟು ಬಂದೆ.

“ಆಯಿ, ಅದು ಯಾರಿಗೆ?” ಎಂದು ಮೊಮ್ಮಗ ಕೇಳಿದ.

“ಉಣ್ಣು ಮೊದಲು. ಆಮೇಲೆ ಹೇಳ್ತೀನಿ” ಎಂದೆ.

ಊಟವಾದ ಮೇಲೆ ನನ್ನ ಅಣ್ಣನ ಮೊಮ್ಮಗಳು ಚೀಲದಿಂದ ಒಂದು ಕಪ್ಪು ಕನ್ನಡಕ ತೆಗೆದಳು. ಅವಳು ದೂರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್. ಕನ್ನಡಕ ಅಂದರೆ ನನ್ನ ಮೂಗಿನ ಮೇಲೆ ಕೂತಿರುವಂಥದ್ದಲ್ಲ, ಊಟದ ಡಬ್ಬಿಯಷ್ಟು ದಪ್ಪ. ಅದರೊಳಗೆ ಮೊಬೈಲ್ ಸಿಕ್ಕಿಸಿ ಹುಡುಗನ ಕಣ್ಣಿಗೆ ಕಟ್ಟಿದಳು.

“ಆಯಿ, ಸುರಂಗದಂಗ ಕತ್ತಲಿ!” ಎಂದವನು ಮರುಕ್ಷಣವೇ, “ಇಲ್ಲಿ ಆಸ್ಪತ್ರಿ ಅದ!” ಎಂದ.

ಇದಕ್ಕೆ ವರ್ಚುವಲ್ ರಿಯಾಲಿಟಿ ಎನ್ನುತ್ತಾರಂತೆ. ಇಲ್ಲದ್ದನ್ನು ಎದುರಿಗೇ ಇದ್ದಂತೆ ಕಾಣಿಸುವ ವಿದ್ಯೆ. ನಮ್ಮ ಎರಡು ಕಣ್ಣು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಈ ಕನ್ನಡಕ ಕೂಡ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುತ್ತದೆ, ಅದರಿಂದ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಮೊಬೈಲ್ ಅದನ್ನು ಅರಿತು ಚಿತ್ರವನ್ನೂ ತಿರುಗಿಸುತ್ತದೆ. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಇಂಥದ್ದನ್ನು ಮಾಡಿದಾಗ ಅದು ಎಷ್ಟು ಭಾರವಿತ್ತೆಂದರೆ ಛಾವಣಿಗೆ ತೂಗುಹಾಕಬೇಕಾಯಿತು. ಈಗ ಅದು ಬುತ್ತಿಯ ಬುಟ್ಟಿಯಲ್ಲಿ ಹೊಲಕ್ಕೇ ಬಂದಿದೆ!

ಹುಡುಗನ ಮುಂದೆ ಮೇಜಿನ ಮೇಲೆ ಈಗಷ್ಟೇ ಹುಟ್ಟಿದ ಕೂಸು. ಅಳುತ್ತಿಲ್ಲ. ಗೋಡೆಯ ಮೇಲೆ ಗಡಿಯಾರ. ಮುಂದೆ ಏನು ಮಾಡಬೇಕೋ ಅದನ್ನು ದಿಟ್ಟಿಸಿ ಆರಿಸಬೇಕು. ನಮ್ಮವನು ಗಾಬರಿಯಾಗಿ ಅತ್ತ ಇತ್ತ ತಲೆ ತಿರುಗಿಸಿದ. ಒಂದು ನಿಮಿಷ ಮುಗಿದೇ ಹೋಯಿತು.

“ಸತ್ತುಹೋಯ್ತೇನಕ್ಕ?” ಅವನ ದನಿ ಸಣ್ಣದಾಯಿತು.

“ಇಲ್ಲಿ ಯಾರೂ ಸಾಯಂಗಿಲ್ಲ. ಮತ್ತ ಮೊದಲಿಂದ ಮಾಡು” ಎಂದಳು ಅವಳು.

ಹುಟ್ಟಿದ ಕೂಸು ಉಸಿರಾಡದಿದ್ದರೆ ಮೊದಲು ಒಣಬಟ್ಟೆಯಿಂದ ಒರೆಸಿ ಬೆಚ್ಚಗಿಡಬೇಕು. ಬೆನ್ನು ಮೆಲ್ಲಗೆ ಉಜ್ಜಬೇಕು. ತಲೆಕೆಳಗಾಗಿ ಹಿಡಿದು ಬಡಿಯಬಾರದು. ಆಗಲೂ ಉಸಿರು ಬರದಿದ್ದರೆ ಪುಟ್ಟ ಮಾಸ್ಕ್ ಇಟ್ಟು, ರಬ್ಬರ್ ಚೀಲ ಒತ್ತಿ, ನಿಮಿಷಕ್ಕೆ ಸುಮಾರು 40 ಸಲ ಗಾಳಿ ಕೊಡಬೇಕು. ಇದೆಲ್ಲ ಮೊದಲ ಒಂದು ನಿಮಿಷದೊಳಗೆ ಶುರುವಾಗಬೇಕು. ಅದಕ್ಕೆ ‘ಬಂಗಾರದ ನಿಮಿಷ’ ಎಂದು ಹೆಸರು. ನೈಜೀರಿಯಾ ಮತ್ತು ಕೀನ್ಯಾದಲ್ಲಿ ನರ್ಸ್‌ಗಳು, ಸೂಲಗಿತ್ತಿಯರು ಇದೇ ಪಾಠವನ್ನು ಮೊಬೈಲ್ ಸಿಕ್ಕಿಸಿದ ಕನ್ನಡಕದಲ್ಲಿ ಅಭ್ಯಾಸ ಮಾಡಿದ್ದಾರೆ.

“ಹಂಗಾದ್ರ ಇದನ್ನ ನೋಡಿದ್ರ ಸಾಕೇನು?” ಎಂದು ನಾನು ಕೇಳಿದೆ.

“ಇಲ್ಲ ಆಯಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕನ್ನಡಕ ಕಲಿಸ್ತದ. ಚೀಲ ಎಷ್ಟು ಒತ್ತಬೇಕು ಅನ್ನೋದು ಕೈಗೇ ಗೊತ್ತಾಗಬೇಕು. ಅದಕ್ಕ ಗೊಂಬಿನೇ ಬೇಕು.”

ಗೊಂಬೆಯ ಕಥೆಯನ್ನೂ ಅವಳೇ ಹೇಳಿದಳು. ಫ್ರಾನ್ಸಿನಲ್ಲಿ ದು ಕುದ್ರೆ ಎಂಬ ಸೂಲಗಿತ್ತಿ ಬಟ್ಟೆಯ ಗೊಂಬೆ ಹೊಲಿದು, 1759ರಲ್ಲಿ ರಾಜನ ಅಪ್ಪಣೆ ಪಡೆದು, ಊರೂರು ತಿರುಗಿ ಹೆಂಗಸರಿಗೆ ಹೆರಿಗೆಯ ಕೆಲಸ ಕಲಿಸಿದಳಂತೆ. ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಆಟಿಕೆ ಮಾಡುವವನು. ನಿಂತ ಉಸಿರನ್ನು ಮರಳಿ ತರುವುದನ್ನು ಕಲಿಸಲೆಂದು 1960ರಲ್ಲಿ ಮನುಷ್ಯನಷ್ಟೇ ದೊಡ್ಡ ಗೊಂಬೆ ಮಾಡಿದ. ಅವನ ಕಂಪನಿಯೇ ಮುಂದೆ ಎಳೆಕೂಸಿನ ಗೊಂಬೆಯನ್ನೂ ಮಾಡಿತು. ಅದರೊಳಗೆ ಬೆಚ್ಚಗಿನ ನೀರು ತುಂಬಿದರೆ ನಿಜವಾದ ಕೂಸಿನ ಹಾಗೆಯೇ ಕೈಗೆ ಭಾರ ಬರುತ್ತದೆ. ಸರಿಯಾಗಿ ಗಾಳಿ ಕೊಟ್ಟರೆ ಎದೆ ಏಳುತ್ತದೆ, ತಪ್ಪಿದರೆ ಏಳುವುದಿಲ್ಲ.

ಇದು ನಮ್ಮ ಕರ್ನಾಟಕಕ್ಕೂ ಬಂದಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಹೆರಿಗೆ ಮಾಡಿಸುವ 599 ಮಂದಿಗೆ ಗೊಂಬೆಯ ಮೇಲೆ ಈ ಪಾಠ ಕಲಿಸಿ, ಮುಂದೆ ಏನಾಯಿತೆಂದು ಲೆಕ್ಕ ಇಟ್ಟರು. ಅದು 2013ರಲ್ಲಿ ಪ್ರಕಟವಾಯಿತು. ಮೊದಲು ಸಾವಿರ ಹೆರಿಗೆಗೆ 30 ಕೂಸುಗಳು ‘ಸತ್ತೇ ಹುಟ್ಟಿದವು’ ಎಂದು ದಾಖಲಾಗುತ್ತಿದ್ದವು. ಕಲಿಸಿದ ಮೇಲೆ ಅದು 23ಕ್ಕೆ ಇಳಿಯಿತು. ಹುಟ್ಟಿದ ಮೇಲೆ ಮೊದಲ ತಿಂಗಳಲ್ಲಿ ತೀರಿಕೊಳ್ಳುವ ಕೂಸುಗಳ ಲೆಕ್ಕ ಮಾತ್ರ ಇಳಿಯಲಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೂ ಸಾವಿರಕ್ಕೆ ಏಳು ಕೂಸು ಅಂದರೆ ಏಳು ಮನೆಯ ತೊಟ್ಟಿಲು.

ಆಗ ನಾನು ಬನ್ನಿ ಮರದ ಎಲೆಯ ವಿಷಯ ಹೇಳಿದೆ.

ನನಗೆ ಎಂಟು ವರ್ಷವಿದ್ದಾಗ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿದ. ಅಳಲಿಲ್ಲ. ಸೂಲಗಿತ್ತಿ ಒಳ್ಳೆಯವಳು, ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಕೂಸನ್ನು ಕಾಲು ಹಿಡಿದು ತೂಗಿದಳು, ತಣ್ಣೀರು ಚಿಮುಕಿಸಿದಳು. ಆಮೇಲೆ ಸುಮ್ಮನೆ ಕೂತುಬಿಟ್ಟಳು. ಅಪ್ಪ ಆ ಕೂಸನ್ನು ಬನ್ನಿ ಮರದ ಕೆಳಗೆ ಮಣ್ಣು ಮಾಡಿದರು. ಬದುಕಿರುವ ತನಕ ಅವ್ವ ಪ್ರತಿ ಎಳ್ಳಮಾವಾಸ್ಯೆಗೆ ಅಲ್ಲೊಂದು ಎಲೆ ಇಡುತ್ತಿದ್ದಳು. ಈಗ ನಾನು ಇಡುತ್ತೇನೆ.

“ಸೂಲಗಿತ್ತಿದು ತಪ್ಪೇನು?” ಎಂದು ಮೊಮ್ಮಗ ಕೇಳಿದ.

“ಆಕಿಗೆ ಕಲಸೋರು ಯಾರಿದ್ದರಪ್ಪ? ಆಕಿ ಕಲಿತಿದ್ದೆಲ್ಲ ನಿಜವಾದ ಕೂಸಿನ ಮ್ಯಾಲೇ” ಎಂದೆ. ಅಣ್ಣನ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಹಬ್ಬದ ಹಿಂದಿನ ವಾರ ಅವಳ ವಾರ್ಡಿನಲ್ಲೂ ಒಂದು ಕೂಸು ಅಳಲಿಲ್ಲವಂತೆ. ಅವಳ ಕೈ ತಾನಾಗಿಯೇ ಚೀಲದ ಕಡೆಗೆ ಹೋಯಿತಂತೆ. ಕೂಸು ಈಗ ಮನೆಯಲ್ಲಿದೆ.

ಹುಡುಗ ಮತ್ತೆ ಕನ್ನಡಕ ಕಟ್ಟಿಕೊಂಡ. ಎರಡನೇ ಸಲವೂ ತಪ್ಪಿದ. ಮೂರನೇ ಸಲ ಮೊಬೈಲಿನಿಂದ ಕೂಸಿನ ಅಳು ಕೇಳಿ, ಗೂಡಿನ ಹತ್ತಿರ ಮಲಗಿದ್ದ ಎತ್ತುಗಳೂ ಕಿವಿ ನಿಮಿರಿಸಿದವು. ನಾವೆಲ್ಲ ನಕ್ಕೆವು.

ಸಂಜೆ ಹೊರಡುವಾಗ ಅವನು ಬನ್ನಿ ಮರದ ಹತ್ತಿರ ಓಡಿದ. ಜೇಬಿನಲ್ಲಿ ಉಳಿಸಿಕೊಂಡಿದ್ದ ಎಳ್ಳುಂಡೆಯನ್ನು ಎಲೆಯ ಮೇಲಿಟ್ಟು ಬಂದ.