ಅಳಿಸಿ ಹಾಕಿಸಿಕೊಳ್ಳುವ ಮುನ್ನ

ಗೇಮ್ ಆಡುವುದಕ್ಕಿಂತ ಕೈಕೊಟ್ಟ ಗೇಮನ್ನು ರಿಪೇರಿ ಮಾಡುವುದೇ ನನಗೆ ಹೆಚ್ಚು ಖುಷಿ ಎಂದರೆ ಮನೆಯವರು ನಗುತ್ತಾರೆ. ನಗಲಿ. ಅಕ್ಕನ ಮಗಳು ಫೋನ್ ಮಾಡಿ ‘ಮಾಮಾ, ನನ್ನ ತೋಟ ಓಪನ್ನೇ ಆಗ್ತಿಲ್ಲ’ ಎಂದಳೆಂದರೆ ಮೊದಲು ಒಂದು ಲೋಟ ಕಾಫಿ ಬೆರೆಸಿಕೊಂಡು ಬರುತ್ತೇನೆ. ಇಂಥ ಕೆಲಸವನ್ನು ಅವಸರದಲ್ಲಿ ಮಾಡಬಾರದು.

ಅವಳ ತೋಟ ಇರುವುದು ಸ್ಟಾರ್‌ಡ್ಯೂ ವ್ಯಾಲಿಯಲ್ಲಿ. ಎರಿಕ್ ಬರೋನ್ ಎಂಬಾತ ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ ಅದು. ಅಜ್ಜ ಬಿಟ್ಟುಹೋದ ಪಾಳು ಜಮೀನನ್ನು ಹಸನು ಮಾಡಬೇಕು. ಕಂಪ್ಯೂಟರಿನಲ್ಲಿ ಆಡುವಾಗ ಬೇಕೆಂದಾಗ ಸೇವ್ ಮಾಡುವಂತಿಲ್ಲ. ದುಡಿದು ಬಂದು ಹಾಸಿಗೆ ಸೇರಿದರಷ್ಟೇ ಆ ದಿನ ಲೆಕ್ಕಕ್ಕೆ. ಸರಿಯಾಗಿ ಆ ಗಳಿಗೆಯಲ್ಲೇ ಕರೆಂಟು ಹೋಗಬೇಕೆ!

ಎಲ್ಲರೂ ಕೊಡುವ ಸಲಹೆ ಒಂದೇ: ಅಳಿಸಿ ಮತ್ತೆ ಹಾಕಿಸು. ಕೇಳಿದರೆ ಮೈ ಉರಿಯುತ್ತದೆ. ವಿಂಡೋಸ್‌ನಲ್ಲಿ ಸೇವ್ ಇರುವುದು ಗೇಮಿನ ಫೋಲ್ಡರಿನಲ್ಲಲ್ಲ, ಮರೆಯಾಗಿರುವ ಆ್ಯಪ್‌ಡೇಟಾದಲ್ಲಿ. ಹತ್ತು ಸಲ ಹಾಕಿಸಿದರೂ ಕೆಟ್ಟ ಫೈಲು ಅಲ್ಲೇ ಕೂತಿರುತ್ತದೆ.

ಅಲ್ಲಿ ರೈತನ ಹೆಸರು, ಅದಕ್ಕಂಟಿದ ಉದ್ದನೆಯ ಸಂಖ್ಯೆ ಹೊತ್ತ ಫೋಲ್ಡರು. ಒಳಗೆ ಅದೇ ಹೆಸರಿನ ಫೈಲು. ಚೆನ್ನಾಗಿರುವ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಎಕ್ಸ್‌ಎಂಎಲ್‌ನ ಮುಗಿಯದ ಒಂದೇ ಸಾಲು. ಕೈಯಲ್ಲಿರುವ ಹಣ, ಋತು, ಕೋಳಿಯ ಹೆಸರು, ಪೆಟ್ಟಿಗೆಯಲ್ಲಿಟ್ಟು ಮರೆತ ಆಲೂಗಡ್ಡೆ, ಊರಲ್ಲಿ ಯಾರೊಂದಿಗೆ ಎಷ್ಟು ಸ್ನೇಹ, ಎಲ್ಲ ಶಾನುಭೋಗರ ಕಡತದ ಹಾಗೆ. ಕೆಲಸ ಬಿಟ್ಟು ಓದುತ್ತ ಕೂರುವುದೂ ಉಂಟು. ಇವಳ ಫೈಲು ಗಾತ್ರದಲ್ಲಿ ಸರಿಯಾಗಿಯೇ ಇತ್ತು. ಒಳಗೆ ಮಾತ್ರ ಬರೀ ಖಾಲಿ. ಡಿಸ್ಕಿನಲ್ಲಿ ಜಾಗ ಹಿಡಿದಾಗಿತ್ತು, ಬರಹ ಇಳಿದಿರಲಿಲ್ಲ.

ಮೊದಲು ಇಡೀ ಫೋಲ್ಡರಿನ ಒಂದು ನಕಲು ಡೆಸ್ಕ್‌ಟಾಪಿಗೆ. ಸೇವ್‌ನ ಪ್ರತಿಯನ್ನು ನೆಟ್ಟಿನಲ್ಲಿಡುವ ಕ್ಲೌಡ್ ಬಂದ್, ಇಲ್ಲದಿದ್ದರೆ ಅದು ಉಪಕಾರ ಮಾಡಲು ಹೋಗಿ ಹಾಳಾದದ್ದನ್ನೇ ತಂದಿಟ್ಟೀತು. ಪಕ್ಕದಲ್ಲೇ ‘ಓಲ್ಡ್’ ಎಂಬ ಬಾಲವಿರುವ ಎರಡು ಫೈಲುಗಳಿರುತ್ತವೆ, ಹಿಂದಿನ ರಾತ್ರಿಯವು. ಕೆಟ್ಟವನ್ನು ಪಕ್ಕಕ್ಕೆ ಸರಿಸಿ ಇವುಗಳ ಬಾಲ ಕತ್ತರಿಸಬೇಕು, ಎರಡಕ್ಕೂ. ಸೇವ್‌ಗೇಮ್‌ಇನ್ಫೋ ಎಂಬ ಚಿಕ್ಕದನ್ನು ಕಡೆಗಣಿಸಿದರೆ ತೋಟದ ಹೆಸರು ಪಟ್ಟಿಯಲ್ಲೇ ಕಾಣಿಸದು.

ಗೇಮೇ ಶುರುವಾಗದೆ ಪರದೆ ಮಿಂಚಿ ಮಾಯವಾಗುವುದು ಬೇರೆ ಕಾಯಿಲೆ. ಸ್ಟಾರ್ಟ್‌ಅಪ್ ಪ್ರಿಫರೆನ್ಸಸ್ ಫೈಲನ್ನು ತೆಗೆದುಹಾಕಿದರೆ ಎಷ್ಟೋ ಸಲ ವಾಸಿ. ಹೊಸದನ್ನು ಗೇಮೇ ಬರೆದುಕೊಳ್ಳುತ್ತದೆ.

ತೋಟ ಬಂತು. ಒಂದು ದಿನ ಮಾತ್ರ ಹೋಯಿತು. ಅಂದು ಅವಳು ಹರಸಾಹಸ ಮಾಡಿ ಹಿಡಿದಿದ್ದ ಮೀನೂ ಅದರ ಜೊತೆ ಹೋಗಿದ್ದರಿಂದ, ಥ್ಯಾಂಕ್ಸ್ ಬದಲು ನನಗೆ ಬೈಗುಳ ಸಿಕ್ಕಿತು.