ಸೀಸೆಗೊಂದು ಹೆಸರು

ಕಳೆದ ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆ ಮುಗಿಸಿ ಇಳಕಲ್ಲಿಗೆ ಮರಳಿದ ದಿವಸವೇ ಅಮೇರಿಕೆಯಲ್ಲಿರುವ ನಮ್ಮ ಚಿರಂಜೀವಿಯ ಓಲೆ ಫೋನಿನಲ್ಲಿ ಬಂದಿತು. “ಅಪ್ಪಾ, ನಾನೂ ಗೆಳೆಯನೂ ಕೂಡಿ ಮನೆಯಲ್ಲಿಯೇ ಬಿಯರು ಮಾಡಿದ್ದೇವೆ. ಸೀಸೆಯ ಚೀಟಿಯ ಮೇಲೆ ಬರೆಯಲು ನಮ್ಮ ಕಡೆಯದೊಂದು ಒಳ್ಳೆಯ ಹೆಸರು ಬೇಕು. ನಿಮ್ಮಷ್ಟು ಕನ್ನಡ ನನಗೆ ಬಾರದು.”

ಓದಿ ಮೊದಲು ಬೆದರಿದೆನು. ನಮ್ಮ ರಾಜ್ಯದಲ್ಲಿ ಪರವಾನಿಗೆಯಿಲ್ಲದೆ ಮದ್ಯ ಮಾಡುವದು ಅಪರಾಧವಷ್ಟೇ. ಆದರೆ ಆ ದೇಶದಲ್ಲಿ 1978ರ ಕಾಯದೆಯೊಂದು ಮನೆಯ ಮಟ್ಟಿಗೆ ಬಿಯರು ಮಾಡಿಕೊಳ್ಳಲು ದಾರಿ ತೆರೆದಿದೆಯಂತೆ. ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಯನ್ನು ಬಿಸಿನೀರಿನಲ್ಲಿ ನೆನೆಯಿಸಿ, ಅದರ ಸಿಹಿನೀರನ್ನು ಹಾಪ್ಸ್ ಎಂಬ ಕಹಿಹೂವಿನೊಡನೆ ಕುದಿಸಿ, ಆರಿಸಿ, ಹುದುಗು ಬೆರೆಸಿ ಕೆಲವು ವಾರ ಇಡುವರು.

ಹೆಸರಿಡುವದು ಯಾರಿಗೆ ಬೇಡ? ಕಾಗದ ಹಿಡಿದು ಕುಳಿತೆನು. ‘ಮಲಪ್ರಭೆ’ ಎಂದು ಬರೆದು, ತಾಯಿಯಂಥ ಹೊಳೆಯೆಂದು ಹೊಡೆದುಹಾಕಿದೆನು. ಕೆಂಪು ಬಣ್ಣದ್ದಾದರೆ ‘ಬಾದಾಮಿಯ ಬಂಡೆ’. ಕಡುಪಾದದ್ದಾದರೆ ‘ಇಮ್ಮಡಿ’, ಪುಲಿಕೇಶಿಯ ನೆನಪೂ ಆಯಿತು, ಎರಡರಷ್ಟೆಂಬ ಅರ್ಥವೂ ಆಯಿತು! ನನ್ನ ಜಾಣ್ಮೆಗೆ ನಾನೇ ಹಿಗ್ಗಿ ಮನೆಯವಳಿಗೆ ಓದಿ ತೋರಿಸಿದೆನು.

ಅವಳು ರೊಟ್ಟಿ ಬಡಿಯುವದನ್ನು ನಿಲ್ಲಿಸದೆಯೇ ಅಂದಳು: “ಮಾವನವರ ಸೀಸೆಗೂ ಒಂದು ಹೆಸರಿತ್ತಲ್ಲರೀ?”

ಲೇಖಣಿ ಕೆಳಗಿಟ್ಟೆನು.

ಇತ್ತು. ನಮ್ಮ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ, 1949ರಲ್ಲಿ, ಪಾನನಿರೋಧದ ಕಾಯದೆ ಬಂದಿತು. ಕುಡಿಯುವದು ನಿಲ್ಲಲಿಲ್ಲ, ಹೆಸರು ಮಾತ್ರ ಬದಲಾಯಿತು. ನಮ್ಮ ತಂದೆಯವರ ಗೆಳೆಯರು ಅದನ್ನು ‘ತೀರ್ಥ’ವೆನ್ನುತ್ತಿದ್ದರು. ಅವ್ವ ಮಕ್ಕಳ ಮುಂದೆ ‘ಅಪ್ಪನ ಔಷಧ’ ಎನ್ನುತ್ತಿದ್ದಳು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ಹೆಸರುಗಳು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಔಷಧವೆಂದ ಮೇಲೆ ಬೇಡವೆನ್ನುವವರಾರು? ಎಷ್ಟೋ ಸಂಜೆ ಗಿಂಡಿಯನ್ನು ನಾನೇ ತಂದು ಅವರ ಕೈಗೆ ಕೊಟ್ಟಿದ್ದೇನೆ. ಕಡೆಗೆ ಅವರ ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು. ಐವತ್ತು ತುಂಬುವದರೊಳಗೆ ಹೊರಟುಹೋದರು.

ಬಾದಾಮಿಯ ಹಳೆಯ ಹೆಸರು ವಾತಾಪಿ. ಆ ಹೆಸರಿನ ರಾಕ್ಷಸನ ಕಥೆಯನ್ನು ಅರಿಯದವರಿಲ್ಲ. ಅಣ್ಣನಾದ ಇಲ್ವಲನು ಅವನನ್ನು ಔತಣದ ಅಡಿಗೆಯಾಗಿ ಬಡಿಸುವನು. ಅತಿಥಿ ಉಂಡ ಬಳಿಕ ಹೆಸರು ಹಿಡಿದು ಕೂಗುವನು. ಅವನು ಹೊಟ್ಟೆ ಸೀಳಿ ಹೊರಬರುವನು. ಅಗಸ್ತ್ಯರಿಗೆ ಅವನು ಜೀರ್ಣವಾದನು. ನಾವು ಅಗಸ್ತ್ಯರಲ್ಲ. ಬಡಿಸುವಾಗ ಸವಿಯಾದ ಹೆಸರೊಂದಿರುವದು. ನಿಜವಾದ ಹೆಸರು ಹೊಟ್ಟೆ ಸೀಳುವಾಗಲೇ ತಿಳಿಯುವದು.

ಇನ್ನು ನಮ್ಮ ಅಡಿಗೆಮನೆಯಲ್ಲಿಯೂ ಹುದುಗುವ ಪಾನವೊಂದುಂಟು. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ರಾತ್ರಿಯೆಲ್ಲ ಹುಳಿಯಲಿಟ್ಟು, ಬೆಳಿಗ್ಗೆ ಕುದಿಸಿ, ಉಪ್ಪು ಜೀರಿಗೆ ಹಾಕಿ ಆರಿಸಿದರೆ ಅಂಬಲಿ. ಹುಳಿಯಾದರೆ ಹುಳಿ ಅಂಬಲಿ, ನುಚ್ಚಿನದಾದರೆ ನುಚ್ಚಂಬಲಿ. ಮುಚ್ಚಿಡುವಂಥದೇನೂ ಇಲ್ಲದ್ದಕ್ಕೆ ಅಲಂಕಾರದ ಹೆಸರೇಕೆ? ನಮ್ಮೂರ ಸೀರೆಯ ಸೆರಗಿಗೆ ‘ತೋಪ ತೆನಿ’ ಎನ್ನುವರು. ಸೆರಗು ಹಾಸಿದರೆ ತೆನೆ ಕಣ್ಣಿಗೇ ಕಾಣುವದು.

ಮಗನಿಗೆ ಇದನ್ನು ಬರೆಯುವದು ಹೇಗೆ? ಚಿಕ್ಕಂದಿನಲ್ಲಿ ಅವನು ಕೇಳಿದಾಗ “ಅಜ್ಜನಿಗೆ ಕಾಮಾಲೆಯಾಗಿತ್ತು” ಎಂದಿದ್ದೆನು. ಸುಳ್ಳಲ್ಲ, ಯಕೃತ್ತು ಕೆಟ್ಟರೆ ಕಾಮಾಲೆಯಾಗುವದು. ಆದರೆ ಅವ್ವನ ‘ಔಷಧ’ದಂತೆ ಅದೂ ನಾನಿಟ್ಟ ಹೆಸರೇ ಅಲ್ಲವೇ? ಅಂದು ರಾತ್ರಿ ಎಲ್ಲವನ್ನೂ ಬರೆದೆನು. ಕುಡಿಯಬೇಡವೆಂದು ಬರೆಯಲಿಲ್ಲ, ಮೂವತ್ತು ದಾಟಿದ ಮಗನಿಗೆ ಅದನ್ನು ಹೇಳಿದರೆ ಕೇಳುವನೆಂಬ ಭರವಸೆಯಿಲ್ಲ. ನಿಜ ತಿಳಿದಿರಲಿ ಎಂದಷ್ಟೇ ಬರೆದು, ಕೆಳಗೆ ‘ಇಮ್ಮಡಿ’ ಮುಂತಾದ ಹೆಸರುಗಳನ್ನೂ ಕೊಟ್ಟೆನು. ಕೇಳಿದ್ದನ್ನು ಕೊಡದಿರುವದು ಸರಿಯಲ್ಲ.

ಎಂಟು ದಿವಸ ಉತ್ತರವಿರಲಿಲ್ಲ. ಒಂಬತ್ತನೆಯ ದಿವಸ ಒಂದು ಚಿತ್ರ ಬಂದಿತು. ಸೀಸೆಯ ಚೀಟಿಯ ಮೇಲೆ ಓರೆಕೋರೆಯಾದ ಕನ್ನಡ ಅಕ್ಷರಗಳಲ್ಲಿ ‘ಬಿಯರು’ ಎಂದೂ ಅದರ ಕೆಳಗೆ ಮಾಡಿದ ದಿನಾಂಕವನ್ನೂ ಬರೆದಿದ್ದನು. ಚಿತ್ರದೊಡನೆ ಒಂದೇ ಸಾಲು ಇತ್ತು: “ಅಪ್ಪಾ, ಅಜ್ಜನ ಬಗ್ಗೆ ಇನ್ನೂ ಹೇಳಿರಿ.”

ಈಗ ಪ್ರತಿ ರವಿವಾರ ಹೇಳುತ್ತಿದ್ದೇನೆ.