ಅಂಗಳಕ್ಕೆ ಬಂದ ಮೂವರು

ನಮ್ಮದು ಕಲ್ಯಾಣದುರ್ಗದ ಕಡೆ ಒಂದು ಹಳ್ಳಿ. ಮನೆಮಾತು ಕನ್ನಡ. ಸಂತೆ, ಆಫೀಸು ಎಲ್ಲ ತೆಲುಗು. 2006ರ ಮುಂಗಾರಿನಲ್ಲಿ ಮಾವನ ಜಮೀನಿಗೆ ಕಡಲೆಕಾಯಿ ಬಿತ್ತಿದೆವು. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯೇ 550 ಮಿಲಿಮೀಟರ್ ಆಸುಪಾಸು. ಅದೂ ಬೇಕಾದಾಗ ಬೀಳುವುದಿಲ್ಲ. ಗಿಡ ಹೂವಿಗೇನೋ ಬಂತು, ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕಿತ್ತು ನೋಡಿದರೆ ಗಿಡಕ್ಕೆ ಎರಡೋ ಮೂರೋ ಕಾಯಿ, ಅವೂ ಜೊಳ್ಳು. ಹೊಟ್ಟು ದನಕ್ಕಾಯಿತು.

ಅದಕ್ಕೂ ಮುಂಚೆ ಕೊರೆಸಿದ್ದ ಬೋರುಗಳಲ್ಲಿ ಬರೀ ಧೂಳು ಬಂದಿತ್ತು. ಬ್ಯಾಂಕಿನ ಸಾಲ ಸ್ವಲ್ಪ, ಸಾಹುಕಾರರದೇ ಬಹಳ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ.

ದೀಪಾವಳಿ ಕಳೆದ ಮೇಲೆ ನಮ್ಮ ಮನೆಯವರು ಹೊಲದಲ್ಲಿ ಪ್ರಾಣ ಕಳೆದುಕೊಂಡರು. ಹೇಗೆ ಎಂದು ಬರೆಯುವುದಿಲ್ಲ. ಬೆಳಿಗ್ಗೆ ಮೈದುನ ಬಂದು ಹೇಳಿದ. ನನಗೆ ಮೊದಲು ಬಂದದ್ದು ಸಿಟ್ಟು. ಹಿಂದಿನ ರಾತ್ರಿ ಮಗಳಿಗೆ ಸ್ಲೇಟು ತನ್ನಿ ಅಂದಿದ್ದೆ, ಹೂಂ ಅಂದಿದ್ದರು. ಆ ಹೂಂ ಸುಳ್ಳಾಯಿತಲ್ಲ ಎಂದು ಸಿಟ್ಟು. ಪೋಸ್ಟ್‌ಮಾರ್ಟಂ ಮುಗಿಸಿ ಮನೆಗೆ ತಂದ ಮೇಲೆ ಅಳು ಬಂತು.

ಹನ್ನೊಂದನೇ ದಿನದ ಕಾರ್ಯಕ್ಕೆ ಸಾಹುಕಾರರು ಬಂದರು. ಎಲೆಗೆ ಕೂತು ಉಂಡರು. ಹೋಗುವಾಗ ಮಾವನನ್ನು ಪಕ್ಕಕ್ಕೆ ಕರೆದು ಸಾಲದ ನೋಟು ತೋರಿಸಿದರು. ಅವರನ್ನು ರಾಕ್ಷಸ ಅಂದುಬಿಡುವುದು ಸುಲಭ. ನನ್ನ ಹೆರಿಗೆಗೆ ಅಪರಾತ್ರಿಯಲ್ಲಿ ಜೀಪು ತೆಗೆದು ಕಲ್ಯಾಣದುರ್ಗಕ್ಕೆ ಕರೆದೊಯ್ದವರೂ ಅವರೇ. ಬಾಡಿಗೆ ಕೇಳಿರಲಿಲ್ಲ. ಉಪಕಾರ ಮಾಡಿದಾಗಲೂ ಸಾಲ ಕೇಳಿದಾಗಲೂ ನಾವು ಅವರ ಮುಂದೆ ನಿಂತೇ ಇರುತ್ತಿದ್ದೆವು.

ಸಾಲ ತಾಳದೆ ಸತ್ತ ರೈತರ ಮನೆಯವರಿಗೆ ಪರಿಹಾರ ಕೊಡಲು ಆಂಧ್ರಪ್ರದೇಶ ಸರ್ಕಾರ 2004ರಲ್ಲಿ 421ನೇ ನಂಬರಿನ ಆದೇಶ ಹೊರಡಿಸಿತ್ತು. ಮನೆಯವರಿಗೆ ಒಂದು ಲಕ್ಷ, ಸಾಲ ತೀರಿಸಲು 50,000. ಸಾವು ಬೇಸಾಯದ ಸಾಲದಿಂದಲೇ ಆಯಿತೇ ಎಂದು ಕಂದಾಯ, ಪೊಲೀಸ್, ಕೃಷಿ ಇಲಾಖೆಯ ಮೂವರು ಬಂದು ವಿಚಾರಿಸಬೇಕು ಎಂಬ ನಿಯಮವಿತ್ತು.

ಅವರು ಬರುವ ಹಿಂದಿನ ದಿನ ಅತ್ತೆ ಹೇಳಿದರು: "ಕುಡೀತಿದ್ನಾ ಅಂತ ಕೇಳ್ತಾರೆ. ಇಲ್ಲ ಅನ್ನಮ್ಮ. ಹೌದು ಅಂದ್ರೆ ಕುಡಿದು ಸತ್ತ ಅಂತ ಬರ್ಕೊಂಡು ಹೋಗ್ತಾರೆ."

ಅಂಗಳದಲ್ಲಿ ಹಗ್ಗದ ಮಂಚ ಹಾಕಿದೆವು. ಒಬ್ಬರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಜಮೀನಿನ ಪಾಸ್‌ಪುಸ್ತಕ ಯಾರ ಹೆಸರಲ್ಲಿದೆ? ಮಾವನ ಹೆಸರಲ್ಲಿ. ಕೈಸಾಲಕ್ಕೆ ಕಾಗದ ಎಲ್ಲಿ? ಸಾಹುಕಾರರ ಹತ್ತಿರ, ಅವರು ಕೊಡುವುದಿಲ್ಲ. ಗಂಡ ಹೆಂಡತಿ ಜಗಳ ಇತ್ತಾ? ಹೊಟ್ಟೆನೋವು ಇತ್ತಾ? ಕೈ ನಡುಗುತ್ತಿತ್ತು, ಸೆರಗಿನೊಳಗೆ ಇಟ್ಟುಕೊಂಡೆ. ಅವರು ಬಂದ ಜೀಪಿನ ಡ್ರೈವರು ಮಗಳನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗಿ ಆಡಿಸುತ್ತಿದ್ದ. ಈ ಪ್ರಶ್ನೆ ಒಂದೂ ಅವಳ ಕಿವಿಗೆ ಬೀಳಲಿಲ್ಲ. ಅವನು ಯಾರೋ, ಇವತ್ತಿಗೂ ನೆನೆಯುತ್ತೇನೆ.

ಕುಡಿಯುತ್ತಿದ್ದನಾ ಎಂದು ಕೇಳಿದರು. ಹೌದು ಅಂದೆ. ಬೆಳೆ ಹೋದ ಮೇಲೆ ಶುರುವಾಯಿತು, ಸಾಹುಕಾರರು ಸಾಲ ಕೇಳಲು ಬಂದ ದಿನ ಕುಡಿಯುತ್ತಿದ್ದರು ಅಂದೆ. ಮೊದಲ ಮಾತು ಬರೆದುಕೊಂಡರು. ಎರಡನೆಯದು ಬರೆದರೋ ಇಲ್ಲವೋ ಗೊತ್ತಿಲ್ಲ. ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.

ಸತ್ಯದ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಅನ್ನಲಾರೆ. ಪೊಲೀಸರ ಮುಂದೆ ಸುಳ್ಳು ಸಿಕ್ಕಿಬಿದ್ದರೆ ಎಂಬ ಹೆದರಿಕೆಯೂ ಇತ್ತು. ಆದರೆ ಸತ್ತವರನ್ನು ಚೊಕ್ಕ ಮಾಡಿ ಒಪ್ಪಿಸಿದರೆ ಮಾತ್ರ ಪರಿಹಾರ ಅನ್ನುವುದು ನನಗೆ ಸಹಿಸಲಾಗಲಿಲ್ಲ. ಕುಡಿದವನ ಸಾಲ ಸಾಲವಲ್ಲವೇ?

ಅರ್ಜಿ ತಿರಸ್ಕಾರವಾಯಿತು. ಜಮೀನು ಸತ್ತವರ ಹೆಸರಲ್ಲಿ ಇಲ್ಲ ಎಂದು ಕಾರಣ ಕೊಟ್ಟಿದ್ದರು. ಕುಡಿತದ ಮಾತೇ ಅದರಲ್ಲಿರಲಿಲ್ಲ.

ಮಗಳನ್ನು ಕರೆದುಕೊಂಡು ಹಿಂದೂಪುರದ ಅಕ್ಕನ ಮನೆಗೆ ಬಂದೆ. ಹುಣಸೆಹಣ್ಣಿನ ಕೆಲಸ ಸಿಕ್ಕಿತು. ಓಡು ಬಿಡಿಸಿ, ನಾರು ಎಳೆದು, ಬೀಜ ಕುಟ್ಟಿ ತೆಗೆಯಬೇಕು. ಮಾರ್ಕೆಟ್ಟಿನಲ್ಲಿ ಕರಿಪುಳಿ ಎಂಬ ಬಗೆಯ ಹಣ್ಣಿಗೆ ಒಳ್ಳೆಯ ರೇಟು, ಫ್ಲವರ್ ಎಂಬುದಕ್ಕೆ ಕಡಿಮೆ. ಕೂಲಿ ಕಿಲೋ ಲೆಕ್ಕ. ಹುಳಿಗೆ ಬೆರಳ ಸಂದು ಬಿರಿದು ಉರಿಯುತ್ತಿತ್ತು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ. 1967ರಲ್ಲಿ ನೀಲಂ ಸಂಜೀವ ರೆಡ್ಡಿಯವರನ್ನು ಲೋಕಸಭೆಗೆ ಕಳಿಸಿದ ಊರು ಇದು. 1985ರಲ್ಲಿ, 1994ರಲ್ಲಿ ಎನ್.ಟಿ. ರಾಮರಾವ್ ಇಲ್ಲಿಂದ ಗೆದ್ದು ಮುಖ್ಯಮಂತ್ರಿಯಾದರು. ಜೊತೆಯ ಹೆಂಗಸರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಅಧಿಕಾರ ಅಂದರೆ ತೊಡೆಯ ಮೇಲಿದ್ದ ಆ ಹಾಳೆಯೇ ಕಣ್ಣಿಗೆ ಬರುತ್ತಿತ್ತು.

ಸಾಹುಕಾರರ ಅಸಲನ್ನು ಕೊನೆಗೂ ತೀರಿಸಿದೆ. ಬಡ್ಡಿ ಅರ್ಧ ಬಿಟ್ಟರು. ಕೊನೆಯ ಕಂತು ಕೊಡುವ ದಿನ ಅವರ ಪಡಸಾಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಎಣಿಸಿದೆ. ಅವರು ಏನೂ ಅನ್ನಲಿಲ್ಲ. ಮಾವ ನಿಂತೇ ಇದ್ದರು. ಸಾಲದ ನೋಟು ವಾಪಸ್ಸು ಕೇಳಿ ಇಸಿದುಕೊಂಡೆ.

ಪರಿಹಾರ ಬರದಿದ್ದದ್ದಕ್ಕೆ ನನ್ನ ಬಾಯಿಯೇ ಕಾರಣ ಎಂದು ಅತ್ತೆ ಈಗಲೂ ನಂಬಿದ್ದಾರೆ. ಸರ್ಕಾರದ ಕಾಗದವನ್ನು ಓದಿಸಿ ಹೇಳಿದೆ, ಒಪ್ಪಲಿಲ್ಲ. ಉಗಾದಿಗೆ ಹೋದರೆ ಮಾತಾಡಿಸುತ್ತಾರೆ, ಮೊಮ್ಮಗಳಿಗೆ ಒಬ್ಬಟ್ಟು ಕಟ್ಟಿಕೊಡುತ್ತಾರೆ. ಆ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾರೆ.